40 ಮನೆಯ ಸಭೆ, ತಿಂಗಳಿಗೆ 4,000 ರೂಪಾಯಿ: ಊರಿಗೆ ಏನು ಮಾಡಬಹುದು?

ಡೋಣಿ_ದಂಡಿ
ಎಲ್ಲರಿಗೂ ವಂದನೆ. ನಮ್ಮದು ವಿಜಯಪುರ ಜಿಲ್ಲೆಯ ಹಳ್ಳಿಯೊಂದರ ಕ್ರೈಸ್ತ ಸಭೆ. ಹೊರಗಿನವರಿಗೆ ಅಂತ ಇದುವರೆಗೆ ಮಾಡಿದ್ದು ಕ್ರಿಸ್ಮಸ್‌ಗೆ ಚಾದರ ಹಂಚೋದು ಒಂದೇ. ಈಗ ಕಮಿಟಿ ತಿಂಗಳಿಗೆ 4,000 ತೆಗೆದಿಡಲು ಒಪ್ಪಿದೆ. ಸ್ತ್ರೀ ಸಮಾಜದ 12 ಮಂದಿ, ಯುವಕರು 8 ಜನ ಸಿದ್ಧ ಇದ್ದಾರೆ. ಆರೋಗ್ಯ ಶಿಬಿರ ಅಂತ ಕೆಲವರು, ಬೇಸಿಗೆಗೆ ಅರವಟಿಗೆ ಅಂತ ಕೆಲವರು. ಯಾವುದು ನಿಲ್ಲುತ್ತೆ?

ಬಿಳಿಜೋಳ
ಒಂದು ದಿನದ ಶಿಬಿರ ಬೇಡ. ಬಿ.ಪಿ. 160 ಬಂತು ಅಂತ ಚೀಟಿ ಬರೆದು ಕೊಡ್ತೀರಿ, ಮರುವಾರ ಆ ಮನುಷ್ಯ ಎಲ್ಲಿ ಹೋದ ಅಂತ ಕೇಳೋರು ಯಾರು? ಶಾಮಿಯಾನದ ಬಾಡಿಗೆಗೇ ದುಡ್ಡು ಮುಗಿಯುತ್ತೆ.

ಮೊದಲು ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಶಾಲೆಯ ಹೆಡ್‌ಮಾಸ್ತರ್ ಮೂವರನ್ನೂ ಬೇರೆಬೇರೆಯಾಗಿ ಭೇಟಿಯಾಗಿ. "ಏನು ಬೇಕು?" ಅಂದರೆ ಕುರ್ಚಿ, ಫ್ಯಾನು ಅಂತಾರೆ. "ನಿಮ್ಮ ಕೈಯಿಂದ ಯಾರು ತಪ್ಪಿ ಹೋಗ್ತಿದಾರೆ?" ಅಂತ ಕೇಳಿ. ಮೂವರ ಬಾಯಲ್ಲೂ ಬರುವ ಮನೆಗಳಿಂದ ಶುರು ಮಾಡಿ.

ನಿಮ್ಮ ಲೆಕ್ಕಕ್ಕೆ ಸರಿಹೊಂದೋದು ನಿಕ್ಷಯ್ ಮಿತ್ರ. ಟಿ.ಬಿ. (ಕ್ಷಯ) ರೋಗಿಗಳಿಗೆ ನೆರವಾಗಲು 2022ರ ಸೆಪ್ಟೆಂಬರ್‌ನಲ್ಲಿ ಶುರುವಾದ ಕೇಂದ್ರದ ಯೋಜನೆ. ವ್ಯಕ್ತಿ, ಸಂಘ, ಧಾರ್ಮಿಕ ಸಂಸ್ಥೆ ಯಾರಾದರೂ ನೋಂದಾಯಿಸಬಹುದು. ಒಪ್ಪಿಗೆ ಕೊಟ್ಟ ಟಿ.ಬಿ. ರೋಗಿಗಳಿಗೆ ಕನಿಷ್ಠ 6 ತಿಂಗಳು ಆಹಾರದ ಬುಟ್ಟಿ ಕೊಡಬೇಕು. ದೊಡ್ಡವರಿಗೆ ತಿಂಗಳಿಗೆ ಧಾನ್ಯ 3 ಕೆ.ಜಿ., ಬೇಳೆ ಒಂದೂವರೆ ಕೆ.ಜಿ., ಎಣ್ಣೆ 250 ಗ್ರಾಂ, ಹಾಲಿನ ಪುಡಿ ಅಥವಾ ಶೇಂಗಾ 1 ಕೆ.ಜಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿದರೆ ತಾಲ್ಲೂಕಿನ ಟಿ.ಬಿ. ಮೇಲ್ವಿಚಾರಕರ ಹತ್ತಿರ ಕಳಿಸ್ತಾರೆ. ಐದು ಮಂದಿಗಿಂತ ಹೆಚ್ಚು ಒಪ್ಪಿಕೊಳ್ಳಬೇಡಿ. ಮೂರನೇ ತಿಂಗಳಿಗೆ ಕೈ ಬಿಡೋದಕ್ಕಿಂತ ಮೊದಲೇ ಕಡಿಮೆ ಒಪ್ಪೋದು ವಾಸಿ.

ಶೇಂಗಾ_ಹಿಂಡಿ
ಬುಟ್ಟಿ ಕಟ್ಟೋದು ಹಗುರ ಅನಸ್ತದ, ಆದ್ರ ಕೆಡೋದು ಇಲ್ಲೇ. ಜೋಳದ ಹಿಟ್ಟು ಕೊಡಬ್ಯಾಡ್ರಿ, ತಿಂಗಳದಾಗ ಕಹಿ ಆಗ್ತದ. ಕಾಳೇ ಕೊಡ್ರಿ, ಜೋಡಿ ಗಿರಣಿ ರೊಕ್ಕಾನೂ ಕೊಡ್ರಿ. ಎಣ್ಣಿ ಪಾಕೀಟು ಬ್ಯಾರೆ ಚೀಲದಾಗ ಇರ್ಲಿ, ಒಡೀತಂದ್ರ ಕಾಳೆಲ್ಲ ಹಾಳು. ಶೇಂಗಾ ಒಂದೊಂದೇ ಹಸನು ಮಾಡ್ರಿ: ಕಪ್ಪಾದದ್ದು, ಬೂಸ್ಟು ಬಂದದ್ದು ಒಗೀರಿ. ಬೂಸ್ಟಿನ ವಿಷ ಲಿವರ್‌ಗೆ ಬಡೀತದ, ಟಿ.ಬಿ. ಗುಳಿಗಿಗಳೂ ಲಿವರ್ ಮ್ಯಾಲೇ ಭಾರ ಹಾಕ್ತಾವು. ಸಕ್ಕರಿ ಕಾಯಿಲೆ ಇದ್ದವರಿಗೆ ಚಿಕ್ಕಿ ಕೊಡಬ್ಯಾಡ್ರಿ.

ಸುಗ್ಗಿ ಹಬ್ಬದ ಕಾಣಿಕಿ ಜೋಳ ಹರಾಜು ಹಾಕೋದ್ರಾಗ ಒಂದು ಚೀಲ ತೆಗೆದಿಡ್ರಿ. ಐದು ಮಂದಿಗೆ ಆರು ತಿಂಗಳಿಗೆ ಬೇಕಾಗೋದು 90 ಕೆ.ಜಿ. ಅಷ್ಟೇ.

ಬುಟ್ಟಿಗಿಂತ ದೊಡ್ಡದು ವಾರಕ್ಕೊಮ್ಮೆ ಮನಿಗೆ ಹೋಗಿ ಮಾತಾಡ್ಸೋದು. ಹೊರಗ ಕಟ್ಟಿ ಮ್ಯಾಲ ಕುಂತು, ಗಾಳ್ಯಾಗ ಮಾತಾಡ್ರಿ. ಗುಳಿಗಿ ತಗೊಂಡ್ರ ಮೂತ್ರ ಕೆಂಪಾಗ್ತದ. ರಕ್ತ ಅಂತ ಹೆದರಿ ಬಿಡೋರು ಅದಾರ, ಮೊದಲ ದಿನಾನೇ ಹೇಳ್ರಿ. ಎರಡು ತಿಂಗಳಿಗೆ ಕೆಮ್ಮು ನಿಂತು ಮೈ ಕೈ ತುಂಬಿಕೊಂತಾವು, "ಅರಾಮಾತು" ಅಂತ ಗುಳಿಗಿ ನಿಲ್ಲಸ್ತಾರ. ಅರ್ಧಕ್ಕ ಬಿಟ್ರ ರೋಗಕ್ಕ ಔಷಧ ನಾಟದಂಗ ಆಗ್ತದ. ಕಣ್ಣು ಹಳದಿ ಆದ್ರ, ವಾಂತಿ ನಿಲ್ಲದಿದ್ರ ಅವತ್ತೇ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ರಿ.

ಕರಿಮಣ್ಣು_86
ಒಂದು ಮಾತು ಯಾರೂ ಆಡಲಿಲ್ಲ. ಊರಲ್ಲಿ "ಅಕ್ಕಿ ಕೊಟ್ಟು ಮತಾಂತರ" ಅನ್ನೋ ಮಾತು ಹುಟ್ಟಲು ಒಂದು ಕರಪತ್ರ ಸಾಕು. ಚೀಲದಲ್ಲಿ ಬೈಬಲ್ ವಾಕ್ಯದ ಚೀಟಿ, ಕ್ಯಾಲೆಂಡರ್ ಯಾವುದೂ ಬೇಡ. ಬುಟ್ಟಿಯನ್ನು ದೇವಾಲಯದ (ಚರ್ಚಿನ) ಅಂಗಳದಲ್ಲಿ, ಆರಾಧನೆ ಮುಗಿದ ಮೇಲೆ ಹಂಚಬೇಡಿ. ಆರೋಗ್ಯ ಕೇಂದ್ರದಲ್ಲೇ, ಸಿಬ್ಬಂದಿಯ ಎದುರು ಕೊಡಿ. ಶುರುವಿಗೆ ಮುನ್ನ ಪಂಚಾಯಿತಿಗೆ ಒಂದು ಪತ್ರ ಕೊಟ್ಟು ಸ್ವೀಕೃತಿ ಸಹಿ ತಗೊಳ್ಳಿ. ಪ್ರಾರ್ಥನೆ ಕೇಳಿದರೆ? ಕೇಳಿದವರಿಗೆ ಅಯ್ಯನವರು (ಪಾಸ್ಟರ್) ಬೇರೆ ದಿನ ಹೋಗಲಿ, ಬುಟ್ಟಿ ಹಿಡಿದು ಅಲ್ಲ.

ಫೋಟೋ ಬೇಡವೇ ಬೇಡ. ಟಿ.ಬಿ. ಅಂತ ಗೊತ್ತಾದರೆ ಸಂಬಂಧ ಮುರಿಯುವ ಮನೆಗಳಿವೆ. ಬಲಗೈ ಕೊಟ್ಟಿದ್ದು ಎಡಗೈಗೆ ತಿಳಿಯದಿರಲಿ ಅನ್ನೋ ಮತ್ತಾಯ 6ನೆಯ ಅಧ್ಯಾಯ ಓದಿ ಬಂದು ಬ್ಯಾನರ್ ಕಟ್ಟೋದು ನನಗಂತೂ ಅರ್ಥವಾಗಲ್ಲ. ಸಭೆಯಲ್ಲಿ ಲೆಕ್ಕ ಓದುವಾಗಲೂ ಎಷ್ಟು ಬುಟ್ಟಿ, ಎಷ್ಟು ರೂಪಾಯಿ ಅಷ್ಟೇ, ಹೆಸರು ಬೇಡ.

ಡೋಣಿ_ದಂಡಿ
ಉಪಕಾರ ಆಯ್ತು. ದೀಪಾವಳಿ ಹೊತ್ತಿಗೆ ನಮ್ಮಲ್ಲಿ ಅರ್ಧ ಓಣಿ ಕಬ್ಬು ಕಡಿಯಲು ಗುಳೆ ಹೋಗುತ್ತೆ. ಆಗ ಗುಳಿಗೆ?

ಬಿಳಿಜೋಳ
ಹೋಗುವ ಮುಂಚೆ, ಹೋದ ಮೇಲೆ ಅಲ್ಲ, ಆಶಾಗೆ ಹೇಳಿ. ನಿಕ್ಷಯ್ ನಂಬರಿನ (ರೋಗಿಯ ನೋಂದಣಿ ಸಂಖ್ಯೆ) ಮೇಲೆ ಅವರ ಚಿಕಿತ್ಸೆಯನ್ನು ಹೋಗುವ ಊರಿನ ಕೇಂದ್ರಕ್ಕೆ ವರ್ಗಾಯಿಸುತ್ತಾರೆ. ಆ ನಂಬರ್, ಕಬ್ಬು ಕಡಿಯೋ ಗ್ಯಾಂಗಿನ ಮುಕಾದಮನ (ಮುಖಂಡನ) ಫೋನು, ಯಾವ ಕಾರ್ಖಾನೆ ಅನ್ನೋದು, ಈ ಮೂರನ್ನೂ ಸ್ತ್ರೀ ಸಮಾಜದ ಒಬ್ಬರೇ ಬರೆದಿಟ್ಟುಕೊಳ್ಳಲಿ. ಇನ್ನೊಂದು: ರೋಗಿಯ ಖಾತೆಗೆ ಸರ್ಕಾರದಿಂದ ತಿಂಗಳಿಗೆ 1,000 ರೂಪಾಯಿ ಲೆಕ್ಕದಲ್ಲಿ ಹಣ ಬರಬೇಕು (2024ರ ನವೆಂಬರ್‌ಗೆ ಮುಂಚೆ 500 ಇತ್ತು). ಬಂದಿಲ್ಲ ಅಂದರೆ ಆಧಾರ್ ಜೋಡಣೆ ಆಗಿದೆಯಾ ಅಂತ ಮೊದಲು ನೋಡಿ. ಬ್ಯಾಂಕಿಗೆ ಜೊತೆ ಹೋಗೋದು ನಿಮ್ಮ ಯುವಕರ ಕೆಲಸ, ಬೈಕ್ ಹೇಗೂ ಇದೆ.

ಶೇಂಗಾ_ಹಿಂಡಿ
ಅರವಟಿಗಿನೂ ಇಡ್ರಿ, ಬ್ಯಾಡ ಅನ್ನಾಂಗಿಲ್ಲ. ಹೊಸ ಹರವಿ ಒಂದು ದಿನ ನೀರಾಗ ನೆನಸಿ, ಉಸುಕಿನ ಮ್ಯಾಲ ಇಟ್ಟು, ಹಸಿ ಗೋಣಿತಟ್ಟು ಸುತ್ರಿ. ಹರವಿ ಎರಡು ಜೊತಿ ಬೇಕು, ಒಂದು ತೊಳದು ಒಣಗುತನ ಇನ್ನೊಂದು. ಉದ್ದ ಹಿಡಿಕಿ ಸೌಟು ಹರವಿಗೇ ಕಟ್ರಿ, ಇಲ್ಲಂದ್ರ ಎಲ್ಲಾರೂ ಕೈ ಅದ್ದತಾರ. ಆದ್ರ ಅದು ಮೂರು ತಿಂಗಳ ಕೆಲಸ.