ಅಪ್‌ಡೇಟ್: ಹಾರ್ನ್ ಕೇಳಿದರೆ ನಡುಕ ಎಂದು ಬರೆದಿದ್ದೆನಲ್ಲ
ಪಡುಬಿದ್ರಿ ಬಳಿಯ ಅಪಘಾತದ ನಂತರ ಬಸ್ಸಿನ ಹಾರ್ನ್ ಕೇಳಿದರೆ ಕೈಕಾಲು ನಡುಗುತ್ತವೆ, ಏನು ಮಾಡಲಿ ಎಂದು ಕೇಳಿದ್ದೆ. ಉಸಿರನ್ನು ನಿಧಾನವಾಗಿ ಹೊರಬಿಡಲು ಹೇಳಿದ ಅಕ್ಕನ ಸಲಹೆಯೇ ಫಲಿಸಿತು: ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಉಸಿರು ಹೊರಹೋಗುವಾಗ ಮಿದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರ ಹೃದಯದ ಬಡಿತವನ್ನು ತಗ್ಗಿಸುತ್ತದೆ ಎಂಬುದು ನನಗೆ ಹೊಸ ವಿಷಯ. ಮಂಗಳೂರಿನ ಹಂಪನಕಟ್ಟೆಯ ಗದ್ದಲದಲ್ಲಿ ನಿಂತೇ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಅಂಗಾಲನ್ನು ನೆಲಕ್ಕೆ ಒತ್ತಿ ಎದುರಿನ ಅಂಗಡಿಗಳ ಫಲಕ ಓದುವುದೂ ನೆರವಾಯಿತು.

ಕಣ್ಣು ಮುಚ್ಚಿ ಧ್ಯಾನ ಮಾಡುವುದು ಮಾತ್ರ ಆಗಲಿಲ್ಲ. ಅದೇ ದೃಶ್ಯ ಇನ್ನಷ್ಟು ಸ್ಪಷ್ಟವಾಗಿ ಬಂತು. ಆಘಾತ ಅನುಭವಿಸಿದವರಲ್ಲಿ ಹೀಗಾಗುವುದುಂಟಂತೆ, ಹೆದರಬೇಡಿ, ಕಣ್ಣು ತೆರೆದೇ ಇರಿ.

ರಾತ್ರಿ ಬೆಚ್ಚಿಬೀಳುವುದು ಇನ್ನೂ ನಿಂತಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದೆ. ಉಚಿತ, ಕನ್ನಡದಲ್ಲೇ ಮಾತನಾಡಿದರು. ಮುಂದಿನ ವಾರ ಮನೋವೈದ್ಯರನ್ನು ಕಾಣಲಿದ್ದೇನೆ.