ಸಹಾಯ ಬೇಕು: ಪೇಶಂಟ್ ಒಲ್ಲೆ ಅಂದಮ್ಯಾಲೆ ಮಗನ ಸಹಿ ನಡೀತೈತೇನ್ರಿ?

ಹಿರಿಯ ಡಾಕ್ಟರುಗಳು ದಾರಿ ತೋರಿಸ್ರಿ. ಹುಬ್ಬಳ್ಳಿಯ ಒಂದು ಸರ್ಜರಿ ವಾರ್ಡು. ಅರವತ್ತು ದಾಟಿದ ರೈತರು, ಶುಗರಿನಿಂದ ಪಾದ ಕೊಳತೈತಿ, ಪಾದದ ಮ್ಯಾಲಿನ ನಾಡಿನೂ ಸಿಗವಲ್ದು. ಮೊಣಕಾಲ ಕೆಳಗ ತಗೀಬೇಕು ಅಂತ ಯುನಿಟ್ ತೀರ್ಮಾನ. 'ಕಾಲಿಲ್ದ ಹೊಲಕ್ಕ ಹೆಂಗ ಹೋಗ್ಲಿ? ಒಲ್ಲೆ' ಅಂತಾರ ಅಜ್ಜಾರು.

ಒಪ್ಪಿಗೆ ಫಾರ್ಮ್ ಇಂಗ್ಲಿಷಿನಾಗಿತ್ತು. ಅದಕ್ಕ ಕನ್ನಡದಾಗ ಬಿಡಿಸಿ ಹೇಳಿ, 'ನಾವು ಹೇಳಿದ್ದು ನೀವೊಮ್ಮೆ ಹೇಳ್ರಿ' ಅಂತ ಕೇಳಿವಿ. ನಂಜೇರಿದ್ರ ಜೀವಕ್ಕ ಅಪಾಯ, ಕೃತಕ ಕಾಲು ಹಾಕಿಸಬಹುದು, ಎಲ್ಲಾ ಸರಿಯಾಗಿ ತಿರುಗಿ ಹೇಳಿದ್ರು. ತಿಳೀತೈತಿ, ನೆನಪಿರತೈತಿ, ತೂಗಿ ನೋಡ್ತಾರ, ಬಾಯಿಬಿಟ್ಟು ಹೇಳ್ತಾರ. ಅವರ ಮಾತಿನಾಗ ಕೇಸ್‌ಶೀಟಿನಾಗ ಬರದೀವಿ. ಸುಪ್ರೀಂ ಕೋರ್ಟಿನ 2008ರ ಸಮೀರಾ ಕೊಹ್ಲಿ ತೀರ್ಪಿನ ಪ್ರಕಾರ, ನಿರ್ಧಾರ ಮಾಡೋ ಶಕ್ತಿ ಇರೋ ವಯಸ್ಕರ ಬದಲಿಗೆ ಮನಿಯವರು ಒಪ್ಪಿಗೆ ಕೊಡಂಗಿಲ್ಲ. ಇಲ್ಲೀತನಕ ಗೊಂದಲಿಲ್ಲ.

ತೊಡಕು ಮುಂದಿಂದು. ರಾತ್ರಿ ಜ್ವರ ಏರಿದಾಗ ಬಡಬಡಸ್ತಾರ, ಮಗನ ಗುರುತೂ ಹತ್ತೂದಿಲ್ಲ. 'ಆವಾಗ ನಾ ಸಹಿ ಹಾಕ್ತೀನಿ, ಥಿಯೇಟರಿಗೆ ಒಯ್ಯಿರಿ' ಅಂತಾನ ಮಗ. ಅವನ ಸಂಕಟನೂ ಖರೇನ ಐತಿ. ಆದ್ರ ತುರ್ತಿನ್ಯಾಗ ಒಪ್ಪಿಗೆ ಇಲ್ದನ ಚಿಕಿತ್ಸೆ ಮಾಡೋ ವಿನಾಯಿತಿ ಇರೋದು ಪೇಶಂಟಿನ ಇಚ್ಛೆ ಗೊತ್ತಿಲ್ಲದಾಗ ಅಲ್ಲೇನ್ರಿ? ಇಲ್ಲಿ ಗೊತ್ತೈತಿ.

ಎಚ್ಚರಿದ್ದಾಗ ಒಲ್ಲೆ ಅಂದದ್ದು, ಬುದ್ಧಿ ಮಂಜಾದ ಮ್ಯಾಲೂ ನಿಲ್ತೈತೋ, ಇಲ್ಲಾ ಮಗನ ಸಹಿ ಮ್ಯಾಲೆ ಆಪರೇಷನ್ ಮಾಡಬಹುದೋ? ನಾಳೆ ಮುಂಜಾನೆ ಅವರು ಎಚ್ಚರಿದ್ದಾಗ ಏನೇನು ಕೇಳಿ, ಯಾರ ಸಾಕ್ಷಿ ಹಾಕಿಸಿ ಬರದಿಟ್ಕೋಬೇಕು?