ಸಹಾಯ ಬೇಕು: ಸ್ಟೀಮ್ ಡೆಕ್ ಈಗಲೇ ತರಿಸಲಾ, ಕಾಯಲಾ?

ಎಲ್ಲರಿಗೂ ನಮಸ್ಕಾರ. ನಮ್ಮಣ್ಣ ಮುಂದಿನ ತಿಂಗಳು ಅಮೆರಿಕದಿಂದ ಬೆಂಗಳೂರಿಗೆ ಬರುತ್ತಿದ್ದಾನೆ. ಅವನ ಕೈಲಿ ಸ್ಟೀಮ್ ಡೆಕ್ ಓಎಲ್‌ಇಡಿ (ವಾಲ್ವ್ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಪಿಸಿ) ತರಿಸೋಣ ಅಂತ ಎರಡು ವರ್ಷದಿಂದ ದುಡ್ಡು ಕೂಡಿಟ್ಟಿದ್ದೇನೆ. ಗೆಳೆಯನ ಡೆಕ್ ಒಮ್ಮೆ ಕೈಯಲ್ಲಿ ಹಿಡಿದಿದ್ದೆ. ಆ 7.4 ಇಂಚಿನ ಪರದೆಯಲ್ಲಿ ಕತ್ತಲೆ ಅಂದರೆ ನಿಜಕ್ಕೂ ಕಡುಗಪ್ಪು. ಅವತ್ತಿನಿಂದ ಬೇರೇನೂ ಹಿಡಿಸುತ್ತಿಲ್ಲ.

ಆದರೆ ಯೂಟ್ಯೂಬ್ ತೆರೆದರೆ ಸಾಕು, ‘ಡೆಕ್ 2 ಬರ್ತಿದೆ’ ಅನ್ನುವ ವಿಡಿಯೋಗಳೇ. ರಾತ್ರಿ ಎರಡರವರೆಗೆ ನೋಡಿದೆ, ಒಬ್ಬರೂ ಆಧಾರ ಕೊಡಲಿಲ್ಲ. ಬ್ಯಾಟರಿಗೆ ಹೊಡೆತ ಬೀಳದೆ ವೇಗ ಜಾಸ್ತಿ ಆಗುವವರೆಗೆ ಹೊಸದು ತರುವುದಿಲ್ಲ ಅಂತ ವಾಲ್ವ್ ಹಿಂದೆಯೇ ಹೇಳಿದೆ. ಹಾಗಂತ ಗಾಳಿಸುದ್ದಿ ಎಲ್ಲಾ ಸುಳ್ಳು ಅನ್ನಲೂ ಆಗುತ್ತಿಲ್ಲ. ‘ಡೆಕಾರ್ಡ್’ ಅನ್ನುವ ವಾಲ್ವ್‌ನದೇ ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡು ಆಡುವ ಸಾಧನ) ಬಗ್ಗೆ ವರ್ಷಗಟ್ಟಲೆ ಮಾತಿತ್ತು, 2025ರ ನವೆಂಬರ್‌ನಲ್ಲಿ ಸ್ಟೀಮ್ ಫ್ರೇಮ್ ಅಂತ ಘೋಷಣೆ ಆಗೇಬಿಟ್ಟಿತು ಅಲ್ವಾ?

ನಾನು ಸಿಕ್ಕಿಕೊಂಡಿರುವುದು ಇಲ್ಲಿ. ಡೆಕ್‌ನ ಮೈಕ್ರೋಎಸ್‌ಡಿ ಕಾರ್ಡನ್ನೇ ಫ್ರೇಮ್‌ಗೆ ಹಾಕಿ ಆಡಬಹುದಂತೆ. ಆದರೆ ಡೆಕ್‌ನಲ್ಲಿ ಎಎಂಡಿ ಚಿಪ್, ಫ್ರೇಮ್‌ನಲ್ಲಿ ಮೊಬೈಲ್‌ಗಳಲ್ಲಿರುವಂಥ ಸ್ನ್ಯಾಪ್‌ಡ್ರ್ಯಾಗನ್ ಚಿಪ್. ಹಾಗಾಗಿ ಆಟಗಳು ಎರಡರಲ್ಲೂ ಒಂದೇ ಥರ ಓಡುತ್ತವಾ ಅಂತ ಅನುಮಾನ. ಎರಡಕ್ಕೂ ನನ್ನ ಹತ್ತಿರ ದುಡ್ಡಿಲ್ಲ.

ಡೆಕ್ ಓಎಲ್‌ಇಡಿ ಬಳಸುತ್ತಿರುವವರು ದಯವಿಟ್ಟು ಹೇಳಿ: ದಿನಾ ಬಸ್ಸಲ್ಲಿ ಒಂದು ಗಂಟೆ ಆಡುವವನಿಗೆ ಈಗ ಡೆಕ್ ತರಿಸುವುದು ಸರಿಯಾ, ಇಲ್ಲ ಆ ದುಡ್ಡನ್ನು ಫ್ರೇಮ್‌ಗೆ ಇಟ್ಟುಕೊಳ್ಳಲಾ?